ಪಡುವಣ ಜಗುಲಿ

ಮಳವಳ್ಳಿ
20-6-1946

ಚಿ. ಸೌ. ಹೊಂಬಾಳಮ್ಮನಿಗೆ,

ಕ್ಷೇಮಸಮಾಚಾರದಲ್ಲೇ ಅರ್ಧ ಹಾಳೆ ಮುಗಿಸುವ ಹುಡುಗರ ಕಿವಿ ಹಿಂಡಿ ಹಿಂಡಿಯೇ ನನಗೆ ವಯಸ್ಸಾಯಿತು. ಆದ್ದರಿಂದ ನೇರವಾಗಿ ಹೇಳುತ್ತೇನೆ: ನಿಮ್ಮವ್ವ ಚೆನ್ನಾಗಿದ್ದಾಳೆ, ನಾನು ಚೆನ್ನಾಗಿದ್ದೇನೆ, ಶಾಲೆ ಚೆನ್ನಾಗಿಲ್ಲ.

ಮಂಡಿ ಸಾಹುಕಾರ ನಿಂಗಯ್ಯನವರು ಹೋದ ವರ್ಷ ತಮ್ಮ ಛತ್ರದಲ್ಲಿ ಒಂದು ಶಾಲೆ ತೆರೆದರಲ್ಲ, ಈ ಸಲ ಪೇಟೆಯ ಮಕ್ಕಳೆಲ್ಲ ಅತ್ತ ಹೊರಟಿವೆ. ಒಬ್ಬೊಬ್ಬರದೂ ಒಂದೊಂದು ನೆಪ. ಹುಡುಗನಿಗೆ ಕಣ್ಣು ನೋವು, ನಮ್ಮ ಶಾಲೆಯಲ್ಲಿ ಬೆಳಕು ಸಾಲದು ಎಂದು ಒಬ್ಬ. ಛತ್ರ ಹತ್ತಿರ ಎಂದು ಇನ್ನೊಬ್ಬ. ಆ ಮಹಾರಾಯನ ಮನೆ ಇರುವುದು ನಮ್ಮ ಶಾಲೆಯ ಎದುರಿಗೇ. ನಿಜವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಕೆಳಗಿನ ಕೇರಿಯ ಆದಿಕರ್ನಾಟಕರ ಮಕ್ಕಳು ಒಳಗೆ, ಇವರ ಮಕ್ಕಳ ಪಕ್ಕದಲ್ಲೇ ಕೂರುತ್ತಾರೆ. ಊರಿಗೆ ಇದೊಂದೇ ಶಾಲೆ ಇರುವ ತನಕ ನುಂಗಿಕೊಂಡಿದ್ದರು. ಈಗ ಇನ್ನೊಂದು ಬಾಗಿಲು ತೆರೆದಿದೆ.

ಈ ಶಾಲೆ ಕಟ್ಟುವಾಗ ನಾನು ಚಡ್ಡಿ ಹಾಕಿಕೊಂಡು ನಿಂತು ನೋಡಿದವನು. ಹೆಂಚು ಕೊಟ್ಟವರು ಪೇಟೆಯವರು. ಗೋಡೆ ಎಬ್ಬಿಸಿದವರು ನಮ್ಮ ನಜೀರ್ ಅಹ್ಮದ್ ಮೇಷ್ಟ್ರ ತಂದೆ. ಜಗುಲಿಯ ಚಪ್ಪಡಿ ಕಲ್ಲುಗಳನ್ನು ಹೊತ್ತು ತಂದವರು ಕೆಳಗಿನ ಕೇರಿಯವರು. ಕಲ್ಲು ಹಾಸಿ ಮುಗಿದ ಮೇಲೆ ಅವರ ಮಕ್ಕಳಿಗೆ ಆ ಜಗುಲಿಯನ್ನೇ ತೋರಿಸಿದರು, ಇಲ್ಲೇ ಕೂತು ಕಲಿಯಿರಿ, ಒಳಗೆ ಬರಬೇಡಿ ಅಂತ. ಅದು ಪಡುವಣ ದಿಕ್ಕಿನ ಜಗುಲಿ. ಮಧ್ಯಾಹ್ನದ ಮೇಲೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ.

ನಾನು ಹೆಡ್‌ಮಾಸ್ಟರಾದ ವರ್ಷ ಅವರನ್ನು ಒಳಗೆ ಕರೆದದ್ದು ನಿನಗೆ ನೆನಪಿದೆಯಲ್ಲ. ಯಾರ ಮಗುವಿನ ಪಕ್ಕ ಕೂರಿಸುವುದು ಎಂದು ಊರೆಲ್ಲ ಗುಸುಗುಸು. ನನ್ನ ಮಗಳ ಪಕ್ಕ ಎಂದೆ. ಮಾಯಮ್ಮನನ್ನು ನಿನ್ನ ಪಕ್ಕ ಕೂರಿಸಿದೆ. ನಿಮ್ಮವ್ವ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು. ನೀವಿಬ್ಬರೋ, ಮೊದಲ ದಿನವೇ ಒಂದು ಬಳಪಕ್ಕೆ ಜುಟ್ಟು ಹಿಡಿದು ಜಗಳವಾಡಿದಿರಿ. ನನ್ನ ಭಾಷಣದಿಂದ ಆಗದ ಕೆಲಸ ಆ ಜಗಳದಿಂದ ಆಯಿತು. ಈಗ ಮಾಯಮ್ಮನ ಮಗಳು ಸೋಮಮ್ಮ ಮೊದಲ ಸಾಲಿನಲ್ಲಿ ಕೂತು ಛಾವಣಿ ಹಾರಿಹೋಗುವ ಹಾಗೆ ಮಗ್ಗಿ ಹೇಳುತ್ತಾಳೆ. ಗಂಟಲು ಥೇಟು ತಾಯಿಯದೇ.

ನನ್ನ ಮೊಮ್ಮಗ ಕೆಂಪರಾಜುವನ್ನು ಎಲ್ಲಿಗೆ ಸೇರಿಸುತ್ತೀರಿ? ಬರೆ.

ಇತಿ ನಿನ್ನ ತಂದೆ,
ಚಿಕ್ಕಬೋರಯ್ಯ


ಮಂಡ್ಯ
9-7-1946

ಅಪ್ಪಯ್ಯನವರಿಗೆ ಹೊಂಬಾಳೆಯ ನಮಸ್ಕಾರ.

ನಿಮ್ಮ ಕಾಗದ ಬಂದಾಗ ನಮ್ಮ ಮನೆಯಲ್ಲೂ ಇದೇ ರಾಮಾಯಣ ನಡೆಯುತ್ತಿತ್ತು. ಇಲ್ಲಿಯೂ ಒಂದು ಹೊಸ ಖಾಸಗಿ ಶಾಲೆ ಆಗಿದೆ. ಬಿಳಿ ಅಂಗಿ, ಕಾಲಿಗೆ ಬೂಟು, ಮೊದಲನೆಯ ತರಗತಿಯಿಂದಲೇ ಇಂಗ್ಲಿಷು. ಇವರ ಆಫೀಸಿನ ಓವರ್‌ಸಿಯರುಗಳೆಲ್ಲ ಮಕ್ಕಳನ್ನು ಅಲ್ಲಿಗೇ ಹಾಕಿದ್ದಾರೆ. ಇವರೂ ಅಲ್ಲಿಗೇ ಎಂದು ಹಟ ಹಿಡಿದರು. ಸರ್ಕಾರಿ ಶಾಲೆಗೆ ಈಗ ಯಾರು ಹೋಗುತ್ತಾರೆ ನೋಡಿದ್ದೀಯಾ ಎಂದರು. ನೋಡಿದ್ದೇನೆ, ನಾನೂ ಅಲ್ಲಿಂದಲೇ ಬಂದವಳು ಎಂದೆ.

ಎರಡು ವಾರ ಮನೆಯಲ್ಲಿ ಸರಿಯಾಗಿ ಊಟವಿಲ್ಲ. ಕೊನೆಗೆ ನಿಮ್ಮ ಕಾಗದವನ್ನು ಇವರ ಮುಂದಿಟ್ಟೆ. ಊರಿಗೆ ಊರೇ ತಿರುಗಿಬಿದ್ದರೂ ನಮ್ಮಪ್ಪ ಆ ಮಕ್ಕಳನ್ನು ಒಳಗಿನಿಂದ ಎಬ್ಬಿಸಿಲ್ಲ, ಅಂಥವರ ಮೊಮ್ಮಗನನ್ನು ನಾವು ಬೂಟಿನ ಶಾಲೆಗೆ ಕಳಿಸುವುದು ಹೇಗೆ ಎಂದೆ. ಇವರು, "ನಿಮ್ಮಪ್ಪ ಬಗ್ಗದೋರು ಅಂತೀಯಲ್ಲ, ಒಂದಿನ ಅವರೂ ಬಗ್ಗಿದ್ರೆ?" ಎಂದರು.

"ಅವತ್ತು ನಾನೇ ಕೈಯಾರ ಬೂಟು ಹಾಕಿ ಕಳಿಸ್ತೀನಿ," ಎಂದೆ.

ಇವರು ನಕ್ಕು ಒಪ್ಪಿಕೊಂಡರು. ಕೆಂಪರಾಜು ಸೋಮವಾರದಿಂದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಾನೆ. ನಿಮ್ಮ ಹೆಸರಿನಲ್ಲಿ ಗೆದ್ದಿದ್ದೇನೆ ಅಪ್ಪಯ್ಯ. ಮಾಯಮ್ಮ ಸಿಕ್ಕರೆ, ಆ ಬಳಪ ಇನ್ನೂ ಅವಳ ಹತ್ತಿರವೇ ಇದೆ, ವಾಪಸು ಕೊಡು ಎಂದು ನಾನು ಕೇಳಿದೆನೆಂದು ಹೇಳಿ.

ನಿಮ್ಮ ಮಗಳು,
ಹೊಂಬಾಳೆ


ಮಳವಳ್ಳಿ
12-9-1946
(ಕಳಿಸದೆ ಉಳಿದದ್ದು)

ಹೊಂಬಾಳೆ,

ಈ ಕಾಗದವನ್ನು ಟಪಾಲಿಗೆ ಹಾಕುವ ಧೈರ್ಯ ನನಗೆ ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೋದ ತಿಂಗಳ ಕೊನೆಗೆ ಇನ್‌ಸ್ಪೆಕ್ಟರು ಬಂದಿದ್ದರು. ಅರ್ಧ ಖಾಲಿ ಬಿದ್ದ ಕೋಣೆಗಳನ್ನು ನೋಡಿ ತಲೆ ಅಲ್ಲಾಡಿಸಿದರು. ಸಂಕ್ರಾಂತಿಯೊಳಗೆ ಮಕ್ಕಳು ತುಂಬದಿದ್ದರೆ ಮೇಲಿನ ತರಗತಿಗಳನ್ನು ಮುಚ್ಚಿ, ಆ ಅನುದಾನವನ್ನು ಛತ್ರದ ಶಾಲೆಗೆ ಕೊಡುತ್ತಾರಂತೆ. ನಮ್ಮಲ್ಲಿ ಉಳಿಯುವುದು ಅ ಆ ಇ ಈ ಮಾತ್ರ. ನಾನು ಕಲಿತು ಕಲಿಸಿದ ಶಾಲೆ ನನ್ನ ಕೈಯಲ್ಲೇ ಕುಂಟಾಗುತ್ತದೆ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಆ ವಾರವೇ ನಿಂಗಯ್ಯನವರು ಪೇಟೆಯ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಜಗಳಕ್ಕೆ ಬಂದಿದ್ದರೆ ನಾನು ಸರಿಯಾಗಿಯೇ ಇರುತ್ತಿದ್ದೆನೇನೋ. ಬಾಳೆಹಣ್ಣು ಹಿಡಿದುಕೊಂಡು ಬಂದರು. ನಮ್ಮ ಮಕ್ಕಳನ್ನು ವಾಪಸು ಕಳಿಸುತ್ತೇವೆ, ನಿಮ್ಮ ಶಾಲೆ ಉಳಿಯಲಿ, ನಮಗೂ ಅದೇ ಆಸೆ ಎಂದರು. ಬದಲಿಗೆ ಏನು ಮಾಡಬೇಕು ಎಂದು ನಾನು ಕೇಳಬಾರದಿತ್ತು. ಕೇಳಿದೆ.

"ಅವ್ರನ್ನ ಓದಿಸ್ಬ್ಯಾಡಿ ಅಂತ ನಾವು ಯೋಳ್ತಿಲ್ಲ ಮೇಷ್ಟ್ರೆ. ಓದ್ಲಿ. ಮೊದ್ಲಿದ್ದಂಗೆ ಜಗುಲಿ ಮ್ಯಾಲೆ ಓದ್ಲಿ. ಗಾಳಿ ಬತ್ತದೆ, ಬೆಳಕು ಬತ್ತದೆ," ಎಂದರು ನಿಂಗಯ್ಯನವರು.

ಸಂಕ್ರಾಂತಿಯ ತನಕ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮತ್ತೆ ಒಳಗೆ ಕರೆದರಾಯಿತು, ಶಾಲೆಯೇ ಹೋದರೆ ಕರೆಯುವುದೆಲ್ಲಿಗೆ ಎಂದುಕೊಂಡೆ. ಮಕ್ಕಳಿಗೆ ಹೇಳುವಾಗ ಬಾಯಿಗೆ ಬಂದದ್ದು ನಿಂಗಯ್ಯನವರ ಮಾತೇ. ಹೊರಗೆ ಗಾಳಿ ಚೆನ್ನಾಗಿದೆ ಮಕ್ಕಳೇ, ಅಲ್ಲಿ ಕೂತುಕೊಳ್ಳಿ ಎಂದೆ. ಸೋಮಮ್ಮ ಸ್ಲೇಟು ಎದೆಗೆ ಒತ್ತಿಕೊಂಡು ಎದ್ದಳು. "ಎಲ್ರೂವಾ ಮೇಷ್ಟ್ರೆ?" ಎಂದು ಕೇಳಿದಳು. ಇಲ್ಲ, ನೀವು ಮಾತ್ರ ಎಂದೆ.

ನಜೀರ್ ಅಹ್ಮದ್ ಮೇಷ್ಟ್ರು ನನ್ನ ಜೊತೆ ವಾದ ಮಾಡಲಿಲ್ಲ. ತಮ್ಮ ಕುರ್ಚಿಯನ್ನೂ ಕಪ್ಪು ಹಲಗೆಯನ್ನೂ ತಾವೇ ಹೊತ್ತು ಹೊರಗೆ ಹಾಕಿಕೊಂಡರು. ಅಂದಿನಿಂದ ಜಗುಲಿಯ ಪಾಠ ಅವರದೇ. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಮಕ್ಕಳು ಬಿಸಿಲಿಗೆ ಸರಿದು ಸರಿದು ಗೋಡೆಗೆ ಅಂಟಿಕೊಂಡಿರುತ್ತಾರೆ. ಸೋಮಮ್ಮ ಸ್ಲೇಟನ್ನು ತಲೆಯ ಮೇಲೆ ಹಿಡಿದುಕೊಂಡಿರುತ್ತಾಳೆ. ಆ ಕಿಟಕಿಯನ್ನು ನಾನೀಗ ಮುಚ್ಚಿಸಿದ್ದೇನೆ.

ನೀನು ನನ್ನ ಹೆಸರಿನಲ್ಲಿ ಗೆದ್ದೆನೆಂದು ಬರೆದಿದ್ದೀಯ. ನನಗೆ ನಾಚಿಕೆಯಾಗುತ್ತದೆ ಮಗಳೇ.


ಮಳವಳ್ಳಿ
14-9-1946

ಚಿ. ಸೌ. ಹೊಂಬಾಳಮ್ಮನಿಗೆ,

ಶಾಲೆಗೆ ಮಕ್ಕಳು ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದಾರೆ. ಎಲ್ಲ ಸರಿಯಾಗಿದೆ. ಬಸ್ಸಿನ ಕಂಡಕ್ಟರನ ಕೈಯಲ್ಲಿ ತುಪ್ಪದ ಡಬ್ಬಿ ಕಳಿಸಿದ್ದೇನೆ. ಹುಡುಗನಿಗೆ ಬಿಸಿ ಅನ್ನಕ್ಕೆ ಹಾಕು.

ಇತಿ ನಿನ್ನ ತಂದೆ,
ಚಿಕ್ಕಬೋರಯ್ಯ


ಮಂಡ್ಯ
18-10-1946

ಅಪ್ಪಯ್ಯನವರಿಗೆ ಹೊಂಬಾಳೆಯ ನಮಸ್ಕಾರ.

ತುಪ್ಪ ಬಂತು. ಮಕ್ಕಳು ವಾಪಸು ಬಂದರೆಂಬ ಸುದ್ದಿ ತುಪ್ಪಕ್ಕಿಂತ ರುಚಿಯಾಗಿತ್ತು. ಆದರೆ ಇಷ್ಟು ದೊಡ್ಡ ಸುದ್ದಿಯನ್ನು ಇಷ್ಟು ಚಿಕ್ಕ ಕಾಗದದಲ್ಲಿ ಬರೆಯುವುದೇ? ಹೇಗೆ ಬಂದರು, ಯಾರು ಮೊದಲು ಬಂದರು, ನಿಂಗಯ್ಯನವರ ಮುಖ ಹೇಗಾಗಿತ್ತು, ಎಲ್ಲ ಬರೆಯಿರಿ.

ನವರಾತ್ರಿಯಲ್ಲಿ ಇಲ್ಲಿಯ ಮಹಿಳಾ ಸಮಾಜದವರು ನಾಲ್ಕು ಮಾತಾಡು ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಏನು ಹೇಳುವುದೆಂದು ತೋಚದೆ ನಿಮ್ಮ ಶಾಲೆಯ ಕಥೆಯನ್ನೇ ಹೇಳಿದೆ. ಮಾಯಮ್ಮನ ಬಳಪದ ಜಗಳ ಕೇಳಿ ಎಲ್ಲರೂ ನಕ್ಕರು. ಆ ಮಕ್ಕಳನ್ನು ನಮ್ಮಪ್ಪ ಇವತ್ತಿಗೂ ಒಳಗೇ ಕೂರಿಸಿಕೊಂಡಿದ್ದಾರೆ ಎಂದಾಗ ವಕೀಲರ ಹೆಂಡತಿಯೊಬ್ಬರು ಕಣ್ಣು ಒರೆಸಿಕೊಂಡರು. ಮುಂದಿನ ವರ್ಷ ತಮ್ಮ ಮಗಳನ್ನೂ ಸರ್ಕಾರಿ ಶಾಲೆಗೇ ಹಾಕುತ್ತಾರಂತೆ.

ಕೆಂಪರಾಜುವಿಗೆ ಒಬ್ಬ ಗೆಳೆಯ ಸಿಕ್ಕಿದ್ದಾನೆ. ಪುರಸಭೆಯ ಕಸದ ಗಾಡಿ ಹೊಡೆಯುವವರ ಮಗ. ಇಬ್ಬರೂ ಒಂದೇ ಸೀಬೆಕಾಯಿಯನ್ನು ಕಚ್ಚಿಕೊಂಡು ಬಂದಿದ್ದರು. ಇವರು ನೋಡಿಯೂ ನೋಡದ ಹಾಗೆ ಪೇಪರು ಓದುತ್ತಿದ್ದರು. ಅಷ್ಟು ಮಟ್ಟಿಗೆ ಪಳಗಿದ್ದಾರೆ.

ಮುಂದಿನ ತಿಂಗಳು ಇವರಿಗೆ ಹಲಗೂರಿನ ಕಡೆ ಕ್ಯಾಂಪಿದೆ. ಮಳವಳ್ಳಿಯ ಮೇಲೆಯೇ ಹೋಗುತ್ತಾರೆ. ಶಾಲೆ ನೋಡಿ ಬನ್ನಿ ಎಂದು ಹೇಳಿದ್ದೇನೆ.

ನಿಮ್ಮ ಮಗಳು,
ಹೊಂಬಾಳೆ


ಹಲಗೂರು, ಕ್ಯಾಂಪು
21-11-1946

ಪೂಜ್ಯ ಮಾವನವರಿಗೆ ಅಂಕಯ್ಯ ಮಾಡುವ ನಮಸ್ಕಾರಗಳು.

ನಿನ್ನೆ ಮಧ್ಯಾಹ್ನ ಮಳವಳ್ಳಿಯಲ್ಲಿ ನಮ್ಮ ಇದ್ದಿಲು ಗ್ಯಾಸಿನ ಬಸ್ಸು ಒಲೆ ಕೆಟ್ಟು ನಿಂತಿತು. ಸರಿಮಾಡುವ ತನಕ ಶಾಲೆಯ ಕಡೆ ನಡೆದು ಬಂದೆ. ಹುಣಿಸೆಮರದ ಹತ್ತಿರ ನಿಂತವನು ಒಳಗೆ ಬರಲಿಲ್ಲ. ಬಂದು ಕಾಣದೆ ಹೋದದ್ದನ್ನು ತಾವು ಮನ್ನಿಸಬೇಕು. ಜಗುಲಿಯ ಮೇಲೆ ಕೂತಿದ್ದ ಮಕ್ಕಳನ್ನು ನೋಡಿದೆ. ಅವರು ಯಾವ ಮಕ್ಕಳೆಂದು ದಾರಿಯಲ್ಲಿ ಹೋಗುವವರನ್ನು ಕೇಳಿ ತಿಳಿದುಕೊಂಡೆ. ಎಂದಿನಿಂದ ಹೀಗೆ ಎಂದೂ ಕೇಳಿದೆ.

ತಮ್ಮ ಮಗಳಿಗೆ ನಾನು ಇದನ್ನು ಹೇಳುವುದಿಲ್ಲ. ಅವಳು ನನ್ನ ಜೊತೆ ಮಾಡಿಕೊಂಡ ಒಪ್ಪಂದ ತಮಗೂ ತಿಳಿದಿದೆ. ವಾದದಲ್ಲಿ ಸೋತವನು ನಾನು. ಈಗ ಗೆದ್ದೆನೆಂದು ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. ಮಗ ಎಲ್ಲಿದ್ದಾನೋ ಅಲ್ಲೇ ಇರಲಿ. ನಿಜ ಹೇಳಬೇಕೆಂದರೆ ಅವಳ ಮಾತು ನನಗೂ ಹಿಡಿಸತೊಡಗಿತ್ತು.

ಮನೆಗೆ ಹೋದಾಗ ಶಾಲೆ ಹೇಗಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಬಸ್ಸು ನಿಲ್ಲಲಿಲ್ಲ ಎನ್ನುತ್ತೇನೆ. ತಮಗೂ ಗೊತ್ತಿರಲಿ ಎಂದು ಬರೆದೆ.

ತಮ್ಮ ವಿಧೇಯ,
ಅಂಕಯ್ಯ


ಮಳವಳ್ಳಿ
2-12-1946

ಹೊಂಬಾಳೆ,

ನಿನ್ನ ಗಂಡ ನನ್ನ ಮಾನ ಉಳಿಸಲು ನಿನ್ನ ಹತ್ತಿರ ಸುಳ್ಳು ಹೇಳಿರುತ್ತಾನೆ. ಬಸ್ಸು ನಿಂತಿತ್ತು. ಅವನು ಶಾಲೆ ನೋಡಿದ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ. ನನ್ನ ಹೊಲಸನ್ನು ಅಳಿಯನ ಪಂಚೆಯಲ್ಲಿ ಮುಚ್ಚಿಸಿಕೊಳ್ಳುವಷ್ಟು ಕೆಳಗೆ ಇಳಿಯಲಾರೆ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಮಕ್ಕಳನ್ನು ಮತ್ತೆ ಜಗುಲಿಗೆ ಹಾಕಿದೆ. ಸೆಪ್ಟೆಂಬರಿನಲ್ಲೇ ಹಾಕಿದೆ. ಅಂದು ನಿನಗೆ ಬರೆದ ಕಾಗದವೊಂದು ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ಇದರ ಜೊತೆಗೇ ಇಟ್ಟಿದ್ದೇನೆ, ಓದಿಕೋ. ಹೇಗಾಯಿತು ಎಂಬುದೆಲ್ಲ ಅದರಲ್ಲಿದೆ. ಆಮೇಲೆ ಆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಪೇಟೆಯ ಮಕ್ಕಳು ಬಂದದ್ದು ನಿಜ. ದೀಪಾವಳಿಯ ತನಕ ಇದ್ದು ಮತ್ತೆ ಛತ್ರಕ್ಕೆ ಹೋದರು. ನಿಂಗಯ್ಯನವರನ್ನು ಕೇಳಿದರೆ, ಜಗುಲಿಯಲ್ಲಿ ಕೂತರೂ ಮಗ್ಗಿ ಒಂದೇ, ಗಂಟೆ ಒಂದೇ, ನೀರಿನ ಬಾವಿ ಒಂದೇ ಅಲ್ಲವೇ ಎಂದರು. ಆ ಮಕ್ಕಳನ್ನು ಅಂಗಳದಿಂದಲೇ ಆಚೆ ಕಳಿಸಿದ್ದರೆ ಏನೋ ಎಂದು ನಕ್ಕರು. ಸಂಕ್ರಾಂತಿಯೊಳಗೆ ಪೇಟೆಯವರು ಮತ್ತೆ ಬಂದಾರೆಂಬ ಆಸೆಯಲ್ಲಿ ಕೇರಿಯ ಮಕ್ಕಳನ್ನು ಜಗುಲಿಯಲ್ಲೇ ಬಿಟ್ಟೆ. ನಾನು ಮಾರಿದ್ದಕ್ಕೆ ಬೆಲೆಯೂ ಸಿಗಲಿಲ್ಲ.

ಕೆಳಗಿನ ಕೇರಿಯ ಮಕ್ಕಳೂ ಈಗ ಬರುತ್ತಿಲ್ಲ. ನಿನ್ನ ಗಂಡ ನೋಡಿದ್ದು ಅವರನ್ನು ಕೊನೆಯದಾಗಿ ನೋಡಿದ ಹಾಗೆ. ಅದರ ಮಾರನೆಯ ದಿನ ಮಾಯಮ್ಮ ಕಳೆ ಕೀಳುವ ಕೈ ತೊಳೆಯದೆಯೇ ಗದ್ದೆಯಿಂದ ನೇರವಾಗಿ ಬಂದಳು. ಸೋಮಮ್ಮನಿಗೆ ಬಿಸಿಲಿಗೆ ಮೂಗಿನಲ್ಲಿ ರಕ್ತ ಬಂದಿತ್ತಂತೆ. ನಾನು ಸಂಕ್ರಾಂತಿ, ಇನ್‌ಸ್ಪೆಕ್ಟರು, ಅನುದಾನ ಎಂದೆಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಜಗುಲಿ ಮ್ಯಾಲೆ ಕುಂತು ಕಲಿಯಾದಾದ್ರೆ ನಮ್ಮನೆಗೂ ಜಗುಲಿ ಐತೆ ಮೇಷ್ಟ್ರೆ. ಅಷ್ಟು ದೂರ ಯಾಕೆ ಕಳಿಸ್ಲಿ?"

ಮಗಳ ಕೈ ಹಿಡಿದುಕೊಂಡು ಹೊರಟಳು. ಉಳಿದ ಮಕ್ಕಳೂ ಎದ್ದು ಅವಳ ಹಿಂದೆ ಹೋದರು. ಯಾರೂ ಕೂಗಾಡಲಿಲ್ಲ. ನಜೀರ್ ಮೇಷ್ಟ್ರು ಕುರ್ಚಿಯನ್ನು ಒಳಗೆ ತಂದಿಟ್ಟು, ಮದ್ದೂರಿಗೆ ವರ್ಗ ಕೇಳಿ ಅರ್ಜಿ ಬರೆದು ನನ್ನ ಮೇಜಿನ ಮೇಲಿಟ್ಟರು. ಸಹಿ ಮಾಡಿದೆ.

ನಿನ್ನ ಸಮಾಜದ ಹೆಂಗಸರ ಮುಂದೆ ನನ್ನ ಬಗ್ಗೆ ಹೇಳಿದ್ದೀಯಲ್ಲ, ಆ ಕಾಗದವನ್ನು ನಿಮ್ಮವ್ವನಿಗೂ ಓದಿ ಹೇಳದೆ ಮಡಚಿಟ್ಟೆ. ನಾನು ಬಗ್ಗಿದೆ. ಕೊಟ್ಟ ಮಾತನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಚಿಕ್ಕಬೋರಯ್ಯ


ಮಂಡ್ಯ
17-12-1946

ಅಪ್ಪಯ್ಯನವರಿಗೆ,

ಎರಡು ಕಾಗದಗಳನ್ನೂ ಓದಿದೆ. ಉತ್ತರ ಬರೆಯಲು ಕೂತು ಎದ್ದು ಇಷ್ಟು ದಿನವಾಯಿತು.

ಇವರು ಏನೂ ಆಡಿಕೊಳ್ಳಲಿಲ್ಲ. ಹುಡುಗ ಇದ್ದಲ್ಲೇ ಇರಲಿ, ಆ ಮಾತನ್ನು ಮರೆತುಬಿಡು ಎಂದರು. ಇವರ ಒಳ್ಳೆಯತನವೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆ. ದಿನವೂ ಹುಡುಗನನ್ನು ಶಾಲೆಗೆ ಬಿಡುವಾಗ, ಯಾವ ಬಾಯಲ್ಲಿ ಗೆದ್ದೆ, ಇನ್ನು ಯಾವ ಬಾಯಲ್ಲಿ ಕಳಿಸುತ್ತೀಯ ಎಂದು ನನ್ನನ್ನೇ ಯಾರೋ ಕೇಳಿದ ಹಾಗಾಗುತ್ತಿತ್ತು. ಸೋಮವಾರ ನಾನೇ ಬೂಟು ಹಾಕಿ ಹೊಸ ಶಾಲೆಗೆ ಕರೆದುಕೊಂಡು ಹೋದೆ. ಮಾತಿಗೆ ತಪ್ಪಲಿಲ್ಲ ಎನ್ನುವುದೊಂದೇ ಉಳಿಯಿತು. ಅದರಿಂದ ಯಾರಿಗೆ ಏನು ಉಪಕಾರವಾಯಿತೋ ಗೊತ್ತಿಲ್ಲ.

ಬೂಟಿನ ಲಾಡಿ ಕಟ್ಟುವಾಗ ಕೆಂಪರಾಜು ಕೇಳಿದ, "ತಾತನ ಶಾಲೇಲಿ ಏನಾಯ್ತವ್ವ?" ನಾನು ಇನ್ನೊಂದು ಬೂಟಿನ ಲಾಡಿ ಎಳೆದು ಕಟ್ಟಿದೆ. ಗೆಳೆಯನಿಗೆ ಹೇಳಿ ಬರುತ್ತೇನೆ ಎಂದು ಅಳುತ್ತಿದ್ದ. ಅದಕ್ಕೂ ಬಿಡಲಿಲ್ಲ. ಆ ಗಾಡಿಯವರ ಮಗುವಿನ ಮುಖ ನೋಡುವ ಶಕ್ತಿ ನನಗಿರಲಿಲ್ಲ.

ನೀವು ನನ್ನಿಂದ ಮುಚ್ಚಿಟ್ಟದ್ದಕ್ಕಿಂತ ಹೆಚ್ಚಾಗಿ ಸುಡುತ್ತಿರುವುದು ಬೇರೆ. ಮಾಯಮ್ಮನನ್ನು ನನ್ನ ಪಕ್ಕ ಕೂರಿಸಿದಿರಿ ಎಂದು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡೆ. ಅವಳ ಮಗಳನ್ನು ಎಬ್ಬಿಸಿ ಹೊರಗೆ ಕೂರಿಸಿದ್ದಾಗ ನಾನು ಇಲ್ಲಿ ನವರಾತ್ರಿಗೆ ಸೀರೆ ಆರಿಸುತ್ತಿದ್ದೆ. ಸಂಕ್ರಾಂತಿಗೆ ನಾನು ಬರುವುದಿಲ್ಲ. ಮಳವಳ್ಳಿಯಲ್ಲಿ ಬಸ್ಸಿಳಿದರೆ ಮೊದಲು ಸಿಗುವುದು ಅವರ ಕೇರಿ.

ಅವ್ವನ ಆರೋಗ್ಯ ನೋಡಿಕೊಳ್ಳಿ.

ಹೊಂಬಾಳೆ


ಮಳವಳ್ಳಿ
9-2-1947

ಹೊಂಬಾಳೆ,

ನೀನು ಬರೆಯುವುದಿಲ್ಲವೆಂದು ಗೊತ್ತು. ನಾನು ಬರೆಯುತ್ತೇನೆ.

ಹುಕುಂ ಬಂತು. ಮೇಲಿನ ತರಗತಿಗಳನ್ನು ಮುಚ್ಚಿದರು. ಬೆಂಚು, ಭೂಪಟ, ಗಾಜಿನ ಬೀರು ಎಲ್ಲವನ್ನೂ ಗಾಡಿಯ ಮೇಲೆ ಛತ್ರಕ್ಕೆ ಸಾಗಿಸಿದರು. ಬೀರು ಇಳಿಸುವಾಗ ನಾನೂ ಒಂದು ಕೈ ಹಿಡಿದೆ; ಆಳುಗಳಿಗೆ ಆಗುತ್ತಿರಲಿಲ್ಲ. ಈಗ ಇಷ್ಟು ದೊಡ್ಡ ಕಟ್ಟಡದಲ್ಲಿ ನಾನು, ಕೆಲವು ಎಳೆಯ ಮಕ್ಕಳು, ಉಳಿದ ಕೋಣೆಗಳಿಗೆ ಬೀಗ.

ಹುಕುಂ ಬಂದ ದಿನ ಸಂಜೆ ಕೆಳಗಿನ ಕೇರಿಗೆ ಹೋದೆ. ಇಷ್ಟು ವರ್ಷ ಹೆಡ್‌ಮಾಸ್ಟರಾಗಿದ್ದು ಆ ಕೇರಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವರು ನಮ್ಮಲ್ಲಿಗೆ ಬರುತ್ತಿದ್ದರು, ನಾನು ಒಳಗೆ ಕರೆಯುತ್ತಿದ್ದೆ, ಅದನ್ನೇ ದೊಡ್ಡದೆಂದುಕೊಂಡಿದ್ದೆ. ಮಾಯಮ್ಮನ ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ಕೇಳುವಾಗ ತಲೆ ಎತ್ತಲಾಗಲಿಲ್ಲ.

ತಪ್ಪಾಯಿತು ಎಂದೆ. ಮಕ್ಕಳನ್ನು ಕಳಿಸು, ಈಗ ತಡೆಯುವವರು ಯಾರೂ ಇಲ್ಲ, ಇಡೀ ಶಾಲೆ ಖಾಲಿ ಬಿದ್ದಿದೆ ಎಂದೆ. ಮಾಯಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ನಿಲ್ಲಿಸಲಿಲ್ಲ. "ಖಾಲಿ ಬಿದ್ಮ್ಯಾಲೆ ಕರೀತೀರಾ?" ಎಂದಳು. ಬಂದ ದಾರಿಯಲ್ಲೇ ಹಿಂದಿರುಗಿದೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಮತ್ತೆ ಹೋದೆ. ಅದರ ಮಾರನೆಯ ದಿನವೂ ಹೋದೆ. ಕೇರಿಯವರು ನೋಡಿ ನಗುತ್ತಿದ್ದರು. ಪೇಟೆಯವರು ನಗುವುದು ಇನ್ನೂ ಜಾಸ್ತಿ. ನಿಂಗಯ್ಯನವರಂತೂ ಮೇಷ್ಟ್ರಿಗೆ ಬುದ್ಧಿ ಕೆಟ್ಟಿದೆ ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಕೊನೆಗೆ ಒಂದು ದಿನ ಮಾಯಮ್ಮ ತಮ್ಮ ಜಗುಲಿಯನ್ನು ಗುಡಿಸಿದಳು. ನಾನು ಬಾಗಿಲ ಕಡೆ ಹೆಜ್ಜೆಯಿಟ್ಟೆ.

"ನೀವು ಅಲ್ಲೇ ಕುಂತ್ಕಳಿ ಮೇಷ್ಟ್ರೆ," ಎಂದಳು. "ಮಗ್ಳು ಒಳಗ್ನಿಂದ್ಲೇ ಕೇಳ್ಕತ್ತಳೆ."

ಸೋಮಮ್ಮ ಹೊಸ್ತಿಲಿನ ಒಳಗೆ, ನೆರಳಿನಲ್ಲಿ ಸ್ಲೇಟು ಹಿಡಿದು ಕೂತಳು. ಅವಳ ಹಿಂದೆ ಉಳಿದ ಮಕ್ಕಳು ಬಂದು ಕೂತರು. ನಾನು ಹೊರಗೆ ಜಗುಲಿಯ ಮೇಲೆ ಕೂತು ಮಗ್ಗಿ ಹೇಳಿಕೊಟ್ಟೆ. ಅವರದೂ ಪಡುವಣ ಜಗುಲಿಯೇ. ಸ್ವಲ್ಪ ಹೊತ್ತಿಗೆ ಬಿಸಿಲು ಮುಖಕ್ಕೆ ಬಂತು. ಗೋಡೆಯ ಕಡೆ ಸರಿದೆ, ಮತ್ತೆ ಸರಿದೆ, ಆಮೇಲೆ ಸರಿಯಲು ಗೋಡೆಯೇ ಅಡ್ಡವಾಯಿತು. ಸೋಮಮ್ಮ ನನ್ನನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ತಾಯಿಯ ಮುಖ ನೋಡಿ ಮತ್ತೆ ಸ್ಲೇಟಿನ ಕಡೆ ತಿರುಗಿದಳು.

ಈಗ ದಿನವೂ ಹೋಗುತ್ತೇನೆ. ಇಂದಿನವರೆಗೆ ನನ್ನನ್ನು ಒಳಗೆ ಕರೆದಿಲ್ಲ. ಕರೆಯಿರಿ ಎಂದು ಕೇಳುವ ಮುಖ ನನಗಿಲ್ಲ.

ತಾತನ ಶಾಲೆಯಲ್ಲಿ ಏನಾಯಿತು ಎಂದು ಕೆಂಪರಾಜು ಕೇಳಿದನಲ್ಲ. ಮತ್ತೆ ಕೇಳಿದರೆ ಹೇಳು, ತಾತ ಈಗ ಜಗುಲಿಯ ಮೇಲೆ ಕೂರುತ್ತಾನೆ ಅಂತ.

ನಿನ್ನ ತಂದೆ,
ಚಿಕ್ಕಬೋರಯ್ಯ